ಮೂರನೇ ಪ್ರತಿಯಲ್ಲೂ ಮೂಡುವ ಪೆನ್ನು

ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ನಾನು ರೈಟರ್. ಹೀಗಂದ ಕೂಡಲೇ ಕೆಲವರು "ಯಾವ ಪುಸ್ತಕ ಬರೆದಿದ್ದೀರಿ?" ಅಂತ ಕೇಳುತ್ತಾರೆ. ಬರೆದಿರುವುದೆಲ್ಲ ಚೀಟಿ ಪುಸ್ತಕವೇ. ಯಾವ ಊರಿನ ಯಾವ ರೈತರದು ಎಷ್ಟು ಬಾಕ್ಸ್, ಯಾವ ರೇಟಿಗೆ ಹೋಯಿತು, ಯಾರು ತಗೊಂಡರು, ಇಷ್ಟೇ. ಬಾಕ್ಸಿಗೆ 15 ಕೆಜಿ. ಸೀಸನ್ನಿನಲ್ಲಿ ಒಂದೇ ಬೆಳಗ್ಗೆ ನೂರೈವತ್ತು ಚೀಟಿ ಬರೆದದ್ದುಂಟು. ಬಿಲ್ಲು ಈಗ ಕಂಪ್ಯೂಟರಿನಲ್ಲೇ ಬರುತ್ತದೆ. ಆದರೆ ಹರಾಜು ಕೂಗುವವರ ಹಿಂದೆ ಕಂಪ್ಯೂಟರ್ ಓಡುವುದಿಲ್ಲ. ನಾನು ಓಡಬೇಕು.

ಅದಕ್ಕೇ ಪೆನ್ನಿನ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ತಲೆಬಿಸಿ. ಮನೆಯಲ್ಲಿ ಇದಕ್ಕೆ ಹುಚ್ಚು ಅನ್ನುತ್ತಾರೆ.

2023ರ ಜುಲೈ ನಿಮಗೂ ನೆನಪಿರಬೇಕು. ಟೊಮೆಟೊ ಇಡೀ ದೇಶದ ಸುದ್ದಿಯಾಗಿತ್ತು. ನಮ್ಮಲ್ಲಿ ಒಳ್ಳೆಯ ಮಾಲು ಬಾಕ್ಸಿಗೆ ಎರಡು ಸಾವಿರ ದಾಟಿತ್ತು. ಅದೇ ಹೊತ್ತಿಗೆ ನನ್ನ ಬಾಮೈದ ಬೆಂಗಳೂರಿನಿಂದ ಬಂದವನು ಒಂದು ಚಂದದ ಡಬ್ಬಿ ಕೈಗಿಟ್ಟ. "ಭಾವ, ದಿನಾ ಬರೆಯೋರು ನೀವು. ಒಳ್ಳೆ ಪೆನ್ನಿಟ್ಕೊಳ್ಳಿ." ಒಳಗೆ ಜೆಲ್ ಪೆನ್ನು. ಕಂಪನಿಯ ಹೆಸರು ಬೇಡ, ಪೆನ್ನಿನದೇನೂ ತಪ್ಪಿಲ್ಲ. ಬೆಣ್ಣೆಯ ಮೇಲೆ ಬರೆದ ಹಾಗಿತ್ತು. ಮಾರನೇ ದಿನ ಜೇಬಿಗೆ ಸಿಕ್ಕಿಸಿಕೊಂಡು ಗತ್ತಿನಿಂದ ಮಂಡಿಗೆ ಹೋದೆ.

ನಮ್ಮ ಚೀಟಿಗೆ ಮೂರು ಪ್ರತಿ. ನಡುವೆ ಎರಡು ಕಾರ್ಬನ್ ಹಾಳೆ. ಮೊದಲನೆಯದು ಕೊಂಡವರಿಗೆ, ಎರಡನೆಯದು ರೈತರಿಗೆ, ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ. ಆ ಮೂರನೆಯದನ್ನು ನೋಡಿಕೊಂಡೇ ಒಳಗೆ ಬಿಲ್ಲು ಹಾಕುವುದು. ಅವತ್ತು ಸಂಜೆ ಮುಳಬಾಗಿಲು ಕಡೆಯ ರೈತರೊಬ್ಬರ ಬಿಲ್ಲು 11 ಬಾಕ್ಸಿಗೆ ಬಂತು. ಅವರು ತಂದಿದ್ದು 41. ರೇಟು 1,900. ಮೂವತ್ತು ಬಾಕ್ಸಿನ ವ್ಯತ್ಯಾಸ ಎಷ್ಟಾಯಿತು ಅಂತ ನೀವೇ ಗುಣಿಸಿ. 57 ಸಾವಿರ. ಕೊಂಡವರ ಹತ್ತಿರವಿದ್ದ ಮೊದಲ ಪ್ರತಿ ತರಿಸಿ ನೋಡಿದರೆ ಮುದ್ದಾಗಿ 41 ಅಂತ ಬರೆದಿದ್ದೇನೆ. ಪುಸ್ತಕದಲ್ಲಿ ಉಳಿದ ಮೂರನೆಯದರಲ್ಲಿ 4ರ ಎಡಗಡೆಯ ಗೆರೆಯೇ ಮೂಡಿಲ್ಲ. ನಿಂತ ಗೆರೆ ಮಾತ್ರ ಬಿದ್ದಿದೆ. ಯಾರು ನೋಡಿದರೂ ಅದು 11.

ಪುಣ್ಯಕ್ಕೆ ಮಾಲು ಇಳಿಸಿದ ಹಮಾಲಿಗಳ ಲೆಕ್ಕದಲ್ಲೂ 41 ಇತ್ತು. ರೈತರ ಕೈಯಲ್ಲಿದ್ದ ಪ್ರತಿಯಲ್ಲೂ ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ರಾತ್ರಿ ಎಂಟಕ್ಕೆ ಎಲ್ಲಾ ಸರಿಹೋಯಿತು. ಯಜಮಾನರು ಬೈಯಲಿಲ್ಲ. ನನ್ನ ಜೇಬಿನಿಂದ ಆ ಪೆನ್ನನ್ನು ತೆಗೆದು, ತಿರುಗಿಸಿ ಮುರುಗಿಸಿ ನೋಡಿ, ಮೇಜಿನ ಮೇಲಿಟ್ಟು ಊಟಕ್ಕೆ ಹೋದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ತಪ್ಪು ಎಲ್ಲಾಯಿತು ಅಂತ ಆ ರಾತ್ರಿ ಕೂತು ಯೋಚಿಸಿದೆ. ನುಣ್ಣಗೆ ಜಾರುವ ಪೆನ್ನು ಹಿಡಿದರೆ ಕೈ ತಾನಾಗಿಯೇ ಹಗುರವಾಗುತ್ತದೆ. ಒತ್ತುವ ಅಗತ್ಯವೇ ಬೀಳುವುದಿಲ್ಲ. ಕಾರ್ಬನ್ನಿಗೆ ಬೇಕಿರುವುದು ಇಂಕಲ್ಲ, ಒತ್ತಡ. ಬಾಲ್ ಪೆನ್ನಿನ ಇಂಕು ಎಣ್ಣೆಯ ಅಂಟು, ಗಟ್ಟಿ ಪೇಸ್ಟಿನ ಹಾಗೆ. ಗುಂಡು ಉರುಳಿದರೆ ಮಾತ್ರ ಹೊರಗೆ ಬರುತ್ತದೆ. ಹಾಗಾಗಿ ನಾವು ಗೊತ್ತಿಲ್ಲದೆಯೇ ಒತ್ತಿ ಬರೆಯುತ್ತೇವೆ. ಚಿಕ್ಕವರಿದ್ದಾಗ ನೋಟ್ ಪುಸ್ತಕದ ಹಾಳೆ ಹಿಂದೆ ಉಬ್ಬಿಕೊಂಡಿರುತ್ತಿತ್ತಲ್ಲ, ಅದೇ.

ಮುಂದಿನ ಭಾನುವಾರ ಡೂಂಲೈಟ್ ಸರ್ಕಲ್ ಹತ್ತಿರದ ಸ್ಟೇಷನರಿ ಅಂಗಡಿಗೆ ಹೋದೆ. ಕೈಯಲ್ಲಿ ಚೀಟಿ ಪುಸ್ತಕ, ಒಂದು ಒದ್ದೆ ಕರ್ಚೀಫು. ಅಂಗಡಿಯವರು ನಕ್ಕರು. "ಏನಣ್ಣಾ, ಪೆನ್ನು ತಗೊಳ್ಳೋಕೆ ಇಷ್ಟೆಲ್ಲಾ ಸರಂಜಾಮಾ?" ಅಂಗಡಿಯಲ್ಲಿ ಪೆನ್ನು ನೋಡುವವರನ್ನು ಗಮನಿಸಿ. ಒಂದು ಸುಳಿ ಗೀಚುತ್ತಾರೆ, ಇಲ್ಲವೇ ತಮ್ಮ ಸಹಿ ಹಾಕುತ್ತಾರೆ. ಸಹಿ ಯಾವ ಪೆನ್ನಿನಲ್ಲಾದರೂ ಬರುತ್ತದೆ ಬಿಡಿ. ಕೈಗೆ ಅದು ಅಷ್ಟು ರೂಢಿ.

ನಾನು ಬರೆದು ನೋಡುವುದು 'ಲಕ್ಷ್ಮೀನಾರಾಯಣಪ್ಪ' ಅಂತ. ನಮ್ಮ ಕಡೆ ಹೆಸರುಗಳೇ ಉದ್ದ, ಚೀಟಿಯಲ್ಲಿ ಹೆಸರಿನ ಜಾಗವೋ ಎರಡು ಬೆರಳಷ್ಟು. 1.0 ಮಿ.ಮೀ. ತುದಿಯ ಪೆನ್ನಿನಲ್ಲಿ ಬರೆದರೆ 'ಕ್ಷ್ಮೀ' ಪೂರ್ತಿ ಮುದ್ದೆ. ಒತ್ತಕ್ಷರ ಯಾವುದು, ದೀರ್ಘ ಯಾವುದು ಗೊತ್ತಾಗುವುದಿಲ್ಲ. 0.5 ತಗೊಂಡರೆ ಮೊದಲ ಪ್ರತಿಯಲ್ಲಿ ಮುತ್ತು ಪೋಣಿಸಿದ ಹಾಗೆ ಬರುತ್ತದೆ. ಆದರೆ ಚೀಟಿಯ ಒರಟು ಕಾಗದದ ಎಳೆ ಕಿತ್ತುಕೊಂಡು ತುದಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಜೋರಾಗಿ ಒತ್ತಿದರೆ ಕಾಗದವೇ ಹರಿಯುತ್ತದೆ. ಇಂಗ್ಲಿಷ್ ಬರೆಯುವವರಿಗೆ ಇದು ಅಷ್ಟು ದೊಡ್ಡ ವಿಷಯ ಅಲ್ಲದಿರಬಹುದು. ಕನ್ನಡದಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರಬೇಕಲ್ವಾ? ನನಗೆ ಒಗ್ಗಿದ್ದು 0.7.

ಒದ್ದೆ ಕರ್ಚೀಫು ಯಾಕೆ ಅಂದರೆ, ಬರೆದು ಹತ್ತು ಎಣಿಸಿ ಅದರಿಂದ ಒರೆಸುತ್ತೇನೆ. ನಮ್ಮಲ್ಲಿ ಚೀಟಿ ಮುಟ್ಟುವ ಕೈಗಳೆಲ್ಲ ಒದ್ದೆ. ಒಡೆದ ಹಣ್ಣಿನ ರಸ, ಬೆವರು, ಮಳೆಗಾಲದಲ್ಲಿ ಟಾರ್ಪಾಲಿನಿಂದ ತೊಟ್ಟಿಕ್ಕುವ ನೀರು. ಚೀಟಿ ರೈತರ ಅಂಗಿ ಜೇಬಿನಲ್ಲಿ ಊರು ಸೇರುವಷ್ಟರಲ್ಲಿ ಅರ್ಧ ಸ್ನಾನ ಮಾಡಿರುತ್ತದೆ. ನೀರಿನಂಥ ಇಂಕಿನ ರೋಲರ್ ಪೆನ್ನುಗಳು ಇಲ್ಲಿ ಸೋತವು. ಅಕ್ಷರ ಕರಗಿ ನೀಲಿ ಮೋಡವಾಯಿತು. ಜೆಲ್ ಪೆನ್ನಿನಲ್ಲಿ ಎರಡು ಜಾತಿ. ಬಣ್ಣ ನೀರಿನಲ್ಲಿ ಕರಗಿರುವುದು ಒಂದು, ಬಣ್ಣದ ಸಣ್ಣ ಕಣಗಳು ತೇಲುತ್ತಿರುವುದು ಇನ್ನೊಂದು. ಕಣದ್ದು ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಬಾಲ್ ಪೆನ್ನಿನದು ಎಣ್ಣೆ ಇಂಕು, ಅದಕ್ಕೂ ನೀರಿನ ಭಯವಿಲ್ಲ. ಅದರ ಶತ್ರು ಸ್ಪಿರಿಟ್ಟು. ಕೊರೋನಾ ಸಮಯದಲ್ಲಿ ಸ್ಯಾನಿಟೈಸರ್ ಹಾಕಿದ ಕೈಯಲ್ಲಿ ಚೀಟಿ ಮುಟ್ಟಿ ಎಷ್ಟು ಹೆಸರು ಅಳಿಸಿದೆವೋ. ಅಂಗಿಯ ಮೇಲಿನ ಬಾಲ್ ಪೆನ್ ಕಲೆ ಸ್ಯಾನಿಟೈಸರಿಗೆ ಬಿಡುತ್ತದೆ ಅಂತ ನನ್ನ ಹೆಂಡತಿ ಕಂಡುಹಿಡಿದದ್ದೂ ಆಗಲೇ.

ಬಣ್ಣದ ವಿಷಯ ಬೇಗ ಹೇಳಿಬಿಡುತ್ತೇನೆ. ಕಪ್ಪು. ಕಾರ್ಬನ್ ಪ್ರತಿ ನೀಲಿ ಇರುತ್ತದೆ. ಕಪ್ಪಿನಲ್ಲಿ ಬರೆದರೆ ಅಸಲು ಯಾವುದು, ಪ್ರತಿ ಯಾವುದು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪ್ರತಿಯ ಮೇಲೆ ಆಮೇಲೆ ಯಾರಾದರೂ ಸೊನ್ನೆ ಸೇರಿಸಲು ಹೋದರೆ ಕೈಬರಹಕ್ಕಿಂತ ಮೊದಲು ಗೆರೆಯ ರೀತಿಯೇ ಹೇಳಿಬಿಡುತ್ತದೆ. ಕಾರ್ಬನ್ ಗೆರೆ ಮಸುಕು, ಪೆನ್ನಿನದು ಹೊಳೆಯುತ್ತದೆ. ಆ 41ರ ಪ್ರಸಂಗ ಆದ ಮೇಲೆ ಅಂಕಿಯ ಪಕ್ಕ 'ನಲವತ್ತೊಂದು' ಅಂತ ಅಕ್ಷರದಲ್ಲೂ ಬರೆಯುತ್ತೇನೆ.

ಇನ್ನೊಂದು ತೊಂದರೆ ಮೇಜಿನಲ್ಲಿ ಕೂತು ಬರೆಯುವವರಿಗೆ ಗೊತ್ತೇ ಆಗುವುದಿಲ್ಲ. ನಾವು ಬರೆಯುವುದು ನಿಂತುಕೊಂಡು. ಪುಸ್ತಕವನ್ನು ಜೋಡಿಸಿಟ್ಟ ಬಾಕ್ಸಿಗೆ ಆನಿಸಿ ಬರೆದರೆ ಪೆನ್ನು ಅಡ್ಡ ಮಲಗಿದ ಹಾಗಿರುತ್ತದೆ, ತುದಿ ಸ್ವಲ್ಪ ಮೇಲಕ್ಕೆ. ನಾಲ್ಕು ಸಾಲು ಆದ ಮೇಲೆ ಬಾಲ್ ಪೆನ್ನು ನಿಲ್ಲುತ್ತದೆ. ಇಂಕು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಗುಂಡಿಗೆ ತಾಗಬೇಕು. ಮೇಲಕ್ಕೆ ಹಿಡಿದರೆ ಗುಂಡಿನ ಹತ್ತಿರ ಗಾಳಿ ಸೇರಿಕೊಳ್ಳುತ್ತದೆ. ಆಗ ಜನ ಮಾಡುವುದು ಪೆನ್ನು ಜಾಡಿಸುವುದು, ಊದುವುದು. ಡಿಸೆಂಬರಿನಲ್ಲಂತೂ ಅಂತರಗಂಗೆ ಬೆಟ್ಟದ ಕಡೆಯಿಂದ ಗಾಳಿ ಬೀಸುವ ಹೊತ್ತಿಗೆ ಇಂಕು ಇನ್ನೂ ಗಟ್ಟಿ. ರೀಫಿಲ್ ತೆಗೆದು ಎರಡು ಅಂಗೈ ನಡುವೆ ಹೊಸೆದರೆ ದಾರಿಗೆ ಬರುತ್ತದೆ.

ಇದಕ್ಕೆಂದೇ ಅಮೆರಿಕದ ಪಾಲ್ ಫಿಷರ್ ಎಂಬುವರು ಮಾಡಿದ ಪೆನ್ನಿದೆ. ರೀಫಿಲ್ಲಿನ ಒಳಗೆ ಒತ್ತಿ ತುಂಬಿದ ನೈಟ್ರೋಜನ್, ಅದು ಇಂಕನ್ನು ಹಿಂದಿನಿಂದ ದೂಡುತ್ತಲೇ ಇರುತ್ತದೆ. 1968ರ ಅಪೊಲೊ 7ರಲ್ಲಿ ಆಕಾಶಕ್ಕೆ ಹೋದ ಪೆನ್ನು. "ಅಮೆರಿಕದವರು ಕೋಟಿಗಟ್ಟಲೆ ಸುರಿದು ಪೆನ್ನು ಮಾಡಿದರು, ರಷ್ಯಾದವರು ಪೆನ್ಸಿಲ್ ತಗೊಂಡು ಹೋದರು" ಅನ್ನುವ ವಾಟ್ಸಾಪ್ ಕಥೆ ನಿಮಗೂ ಬಂದಿರುತ್ತದೆ. ಅದು ಸುಳ್ಳು. ಫಿಷರ್ ತಮ್ಮ ಸ್ವಂತ ದುಡ್ಡಿನಲ್ಲಿ ಮಾಡಿದ್ದು. ಆಮೇಲೆ ರಷ್ಯಾದವರೂ ಅದನ್ನೇ ಕೊಂಡರು. ಪೆನ್ಸಿಲ್ಲಿನ ಮೊನೆ ಮುರಿದು ನೌಕೆಯೊಳಗೆ ತೇಲಾಡಿದರೆ ಅದೇ ಅಪಾಯ. ನಾನೂ ಆ ಪೆನ್ನಿಗೆ ಆಸೆಪಟ್ಟೆ. ಬೆಲೆ ನೋಡಿ, ಚಂದ್ರನಿಗೆ ಹೋಗುವಾಗ ನೋಡೋಣ ಅಂತ ಸುಮ್ಮನಾದೆ.

ಕೊನೆಗೆ ತಗೊಂಡದ್ದು ಪಾರ್ಕರ್ ಜಾಟರ್, ಉಕ್ಕಿನ ಮೈಯದು. 1954ರಲ್ಲಿ ಬಂದ ಪೆನ್ನು, ಆಕಾರದಲ್ಲಿ ದೊಡ್ಡ ಬದಲಾವಣೆ ಆಗಿಲ್ಲ. ಬೆರಳು ಒದ್ದೆಯಾದರೆ ಸ್ವಲ್ಪ ಜಾರುತ್ತದೆ, ಅದು ಅದರ ಕೊರತೆ. ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಹಿಡಿಯುವ ಜಾಗಕ್ಕೆ ಏರಿಸಿದ್ದೇನೆ. ನೋಡಲು ಅಸಹ್ಯ, ಕೆಲಸಕ್ಕೆ ಚೆನ್ನ. ಕ್ಲಿಪ್ಪು ಬಿಗಿ. ಬಗ್ಗಿ ಬಾಕ್ಸ್ ಎಣಿಸುವಾಗ ಜೇಬಿನಿಂದ ಬೀಳುವುದಿಲ್ಲ. ದಿನವೂ ಜೇಬಿನಲ್ಲಿರುವ ಪೆನ್ನಿಗೆ ಕ್ಲಿಪ್ಪೇ ಅರ್ಧ ಆಯುಸ್ಸು ಅಂತ ನನ್ನ ಲೆಕ್ಕ. ತುದಿ ತೆರೆದಿದ್ದಾಗ ಸಿಮೆಂಟು ನೆಲಕ್ಕೆ ಬಿದ್ದರೆ ಯಾವ ಪೆನ್ನೂ ಮೊದಲಿನ ಹಾಗೆ ಬರೆಯುವುದಿಲ್ಲ. ಟಂಗ್‌ಸ್ಟನ್ ಕಾರ್ಬೈಡಿನ ಗುಂಡು ಅಷ್ಟು ಸುಲಭಕ್ಕೆ ಸವೆಯುವುದಲ್ಲ. ಅದನ್ನು ಹಿಡಿದಿರುವ ಬಟ್ಟಲು ಮೆತ್ತಗಿನ ಲೋಹ. ಅದು ಒಂದು ಕೂದಲೆಳೆ ಸೊಟ್ಟಗಾದರೂ ಸಾಕು. ನಮ್ಮ ಕಾಲದ ರೆನಾಲ್ಡ್ಸ್ ನೆನಪಿದೆಯಾ? ಬಿಳಿ ಮೈ, ನೀಲಿ ಕ್ಯಾಪ್, ಮೈಮೇಲೆ '045 ಫೈನ್ ಕಾರ್ಬ್ಯೂರ್'. ಅದೇನು ಮಂತ್ರವೋ ಅಂದುಕೊಂಡಿದ್ದೆ. ಫ್ರೆಂಚಿನಲ್ಲಿ ಕಾರ್ಬೈಡ್ ಅಂತ ಅಷ್ಟೇ. ಆ ಗುಂಡಿನ ಮಾತೇ.

ಜಾಟರ್ ತಗೊಳ್ಳಲು ನಿಜವಾದ ಕಾರಣ ಪೆನ್ನಲ್ಲ, ಅದರ ರೀಫಿಲ್ಲು. ಆ ದಪ್ಪನೆಯ ಲೋಹದ ರೀಫಿಲ್ ಅಳತೆಯಲ್ಲೇ ಬೇರೆ ಬೇರೆ ಕಂಪನಿಯವರೂ ಮಾಡುತ್ತಾರೆ. ಒಂದು ಕಂಪನಿ ಅಂಗಡಿಯಲ್ಲಿ ಖಾಲಿಯಾದರೆ ಇನ್ನೊಂದು. ಬಾಮೈದನ ಪೆನ್ನಿನ ರೀಫಿಲ್ಲಿಗೆ ಬೆಂಗಳೂರಿನ ಅವೆನ್ಯೂ ರೋಡಿಗೇ ಹೋಗಬೇಕಿತ್ತು. ಒಂದು ರೀಫಿಲ್ಲಿಗೆ ಹೋಗಿ ಬರುವ ಬಸ್ ಚಾರ್ಜಿನಲ್ಲಿ ಹತ್ತು ಪೆನ್ನು ಬರುತ್ತವೆ. ದುಬಾರಿ ಪೆನ್ನು ತಗೊಳ್ಳುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಇದರ ರೀಫಿಲ್ ನಿಮ್ಮೂರಲ್ಲಿ, ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆಯುವ ಅಂಗಡಿಯಲ್ಲಿ ಸಿಗುತ್ತದಾ?

ಇಂಕ್ ಪೆನ್ನು ಯಾಕೆ ಬೇಡ ಅಂತ ಕೇಳುವವರಿದ್ದಾರೆ. ನಮ್ಮಪ್ಪ ಕೇಳುತ್ತಿದ್ದರು. ಅವರ ಹತ್ತಿರ ರಾಜಮಹೇಂದ್ರಿಯ ರತ್ನಂ ಪೆನ್ನು ಇತ್ತು. ಸ್ವದೇಶಿ ಚಳವಳಿಯ ಕಾಲದಲ್ಲಿ ಶುರುವಾಗಿ, 1935ರಲ್ಲಿ ಗಾಂಧೀಜಿಯಿಂದ ಮೆಚ್ಚುಗೆ ಪತ್ರ ಪಡೆದ ಮನೆತನದ ಪೆನ್ನು. ಮೈಯೆಲ್ಲ ಎಬೊನೈಟು, ಅಂದರೆ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು. ಬಾಲ್ ಪೆನ್ನಿನಲ್ಲಿ ಬರೆದರೆ ಅಕ್ಷರ ಕೆಡುತ್ತದೆ ಅನ್ನುವುದು ಅಪ್ಪನ ನಂಬಿಕೆ. ಬರೆದು ಮುಗಿಸಿ ನಿಬ್ಬನ್ನು ತಲೆಕೂದಲಿಗೆ ಒರೆಸಿಕೊಳ್ಳುತ್ತಿದ್ದರು. ತಲೆ ಬೆಳ್ಳಗಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ, ಹಾಗಾಗಿ ಕಿವಿಯ ಮೇಲೆ ಯಾವಾಗಲೂ ಒಂದು ನೀಲಿ ಪಟ್ಟಿ. ಆ ಪೆನ್ನು ಈಗ ನನ್ನ ಹತ್ತಿರ ಇದೆ. ಭಾನುವಾರ ಮನೆ ಲೆಕ್ಕ ಅದರಲ್ಲೇ ಬರೆಯುತ್ತೇನೆ. ಇಂಕು ಕಡಿಮೆಯಾದಾಗ ಕೈಯ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಟಪ್ಪನೆ ಒಂದು ಹನಿ ಬೀಳುತ್ತದೆ. ಹಾಲಿನವರ ಲೆಕ್ಕದ ಮೇಲೆ ಬಿದ್ದರೆ ಪರವಾಗಿಲ್ಲ. ಮಂಡಿಗೆ ಅದನ್ನು ಒಯ್ಯುವ ಧೈರ್ಯ ಇಲ್ಲ. ಕಾರ್ಬನ್ನಿಗೆ ಒತ್ತಿದರೆ ನಿಬ್ಬು ಎರಡು ಹೋಳು.

ಜಾಟರಿನಲ್ಲಿ ಒಂದು ದೊಡ್ಡ ತಪ್ಪಿದೆ. ಅದಕ್ಕೆ ಕ್ಯಾಪ್ ಇಲ್ಲ.

ಮಂಡಿಯಲ್ಲಿ "ಅಣ್ಣಾ, ಒಂದ್ನಿಮಿಷ ಪೆನ್ನು" ಅನ್ನುವವರು ದಿನಕ್ಕೆ ಹತ್ತು ಜನ. ಕೊಡಲ್ಲ ಅನ್ನಲಾಗುವುದಿಲ್ಲ. ಹಳೇ ಗುಮಾಸ್ತರೊಬ್ಬರು ಸೇರಿದ ವಾರದಲ್ಲೇ ಹೇಳಿಕೊಟ್ಟಿದ್ದರು. ಪೆನ್ನು ಕೊಡು, ಕ್ಯಾಪ್ ಕೊಡಬೇಡ. ಕ್ಯಾಪಿಲ್ಲದ ಪೆನ್ನನ್ನು ಯಾರೂ ಜೇಬಿಗಿಟ್ಟುಕೊಳ್ಳಲ್ಲ. ಹಾಗಾಗಿ ಜಾಟರ್ ಒಳಜೇಬಿನಲ್ಲಿ, ಐದು ರೂಪಾಯಿಯ ಕ್ಯಾಪಿನ ಪೆನ್ನು ಹೊರಜೇಬಿನಲ್ಲಿ. ಈ ಕ್ಯಾಪಿನ ತುದಿಯ ತೂತು ಯಾಕೆ ಗೊತ್ತಾ? ಮಕ್ಕಳು ನುಂಗಿ ಗಂಟಲಿಗೆ ಸಿಕ್ಕಿಕೊಂಡರೂ ಸ್ವಲ್ಪ ಉಸಿರಾಡಲಿ ಅಂತ. ಕ್ಯಾಪ್ ಅಗಿಯುವ ನನ್ನ ಮಗಳಿಗೆ ಇದನ್ನು ಹೇಳಿದೆ. ಹಾಗಾದರೆ ಅಗಿದರೆ ಏನೂ ಆಗಲ್ಲ ಅಂತಾಯ್ತಲ್ಲಪ್ಪ ಅಂದಳು.

ಮೊನ್ನೆ ಮೇಜಿನ ಡ್ರಾಯರ್ ಜಾಡಿಸಿದೆ. ಪೆನ್ನಿಲ್ಲದ ಕ್ಯಾಪುಗಳು ಹನ್ನೊಂದು ಸಿಕ್ಕವು. ಎಣಿಸುತ್ತಾ ಕೂತಿದ್ದಾಗ ಶ್ರೀನಿವಾಸಪುರ ಕಡೆಯ ರೈತರೊಬ್ಬರು ಒಳಗೆ ಬಂದರು. ಹೋದ ತಿಂಗಳು ಮಾಲು ತಂದಿದ್ದವರು. ಮೇಜಿನ ಮೇಲೆ ಕಣ್ಣಾಡಿಸಿ ಒಂದು ನೀಲಿ ಕ್ಯಾಪ್ ಎತ್ತಿಕೊಂಡು, ಅಂಗಿ ಜೇಬಿನಿಂದ ನನ್ನ ಪೆನ್ನು ತೆಗೆದು ಹಾಕಿ ನೋಡಿದರು. ಸರಿಯಾಗಿ ಕೂತಿತು.

"ಇಲ್ಲೇ ಬಿಟ್ಟಿರ್ತೀನಿ ಅಂದ್ಕೊಂಡೆ ಅಣ್ಣಾ," ಅಂದರು.