ಮೈಟ್ರಲ್ ಕವಾಟ ಮತ್ತು ನಮ್ಮ ಮೇಷ್ಟ್ರು

ನಾನು ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು 1962ರಲ್ಲಿ. ಹೃದಯದ ಕಾಯಿಲೆ ಅಂದರೆ ವಯಸ್ಸಾದವರದು ಎಂದುಕೊಂಡೇ ಕೆ.ಆರ್. ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟೆವು. ಅಲ್ಲಿ ನೋಡಿದರೆ ಹದಿನೆಂಟು, ಇಪ್ಪತ್ತು ವರ್ಷದ ಹೆಣ್ಣುಮಕ್ಕಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆನ್ನಿಗೆ ದಿಂಬಿಟ್ಟುಕೊಂಡು ಕೂತೇ ರಾತ್ರಿ ಕಳೆಯುತ್ತಿದ್ದರು. ಕೆಲವರಿಗೆ ಕೆಮ್ಮಿದರೆ ರಕ್ತ. ಬಸುರಿಯಾದರಂತೂ ಜೀವಕ್ಕೇ ಕುತ್ತು.

ಕಾಯಿಲೆಯ ಹೆಸರು ಮೈಟ್ರಲ್ ಸ್ಟೆನೋಸಿಸ್. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಬಾಯಿ ಕಿರಿದಾಗುವುದು. ಚಿಕ್ಕಂದಿನಲ್ಲಿ ಗಂಟಲು ನೋವು ಬರುತ್ತದೆ, ಹಿಂದೆಯೇ ಕೀಲುಗಳು ಊದಿ ಜ್ವರ. ಅದೇ ರುಮ್ಯಾಟಿಕ್ ಜ್ವರ. ಕೀಲು ವಾಸಿಯಾಗುತ್ತದೆ, ಹೃದಯದ ಕವಾಟ ವಾಸಿಯಾಗುವುದಿಲ್ಲ. ಅದರ ಎಸಳುಗಳು ನಿಧಾನವಾಗಿ ಅಂಟಿಕೊಳ್ಳುತ್ತವೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ಬಾಯಿ ಒಂದಕ್ಕೂ ಕಡಿಮೆಯಾಗಿ ಅಂಗಿಯ ಕಾಜಾದಂತೆ ಉಳಿಯುತ್ತದೆ. ರಕ್ತ ಮುಂದಕ್ಕೆ ಹೋಗಲಾರದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಇದು ಇಪ್ಪತ್ತು ತುಂಬುವ ಮೊದಲೇ ಇಷ್ಟು ಬಿಗಿಯಾಗುತ್ತದೆ ಎಂದು ದೆಹಲಿಯ ಸುಜಯ್ ರಾಯ್ ಮತ್ತು ಸಂಗಡಿಗರು 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನಮ್ಮ ವಾರ್ಡಿನಲ್ಲಿ ಕಾಣುತ್ತಿದ್ದದ್ದೂ ಅದೇ.

ನಮ್ಮ ಮೆಡಿಸಿನ್ ಮೇಷ್ಟ್ರು ರೋಗಿಯನ್ನು ಎಡ ಮಗ್ಗುಲಿಗೆ ತಿರುಗಿಸಿ, ಸ್ಟೆತಸ್ಕೋಪಿನ ಬೆಲ್ ಅನ್ನು ಮೆಲ್ಲಗೆ ಇಟ್ಟು ಕೇಳಿಸುತ್ತಿದ್ದರು. ಮೊದಲ ಸದ್ದು ಜೋರು. ಎರಡನೆಯ ಸದ್ದಾದ ಮೇಲೆ, ಬಿಗಿದ ಕವಾಟ ತೆರೆಯುವಾಗ ಟಕ್ ಅನ್ನುವ ಓಪನಿಂಗ್ ಸ್ನ್ಯಾಪ್. ಆಮೇಲೆ ತಗ್ಗಿದ ದನಿಯ ಗುಡುಗುಡು, ಅದೇ ಮರ್ಮರ್. "ಕೇಳಿಸ್ತೇನ್ರೀ? ಕೇಳಿಸದೇ ಇದ್ರೆ ಸುಮ್ನೆ ಹೂಂ ಅನ್ನಬೇಡಿ" ಎನ್ನುತ್ತಿದ್ದರು. ಎರಡನೆಯ ಸದ್ದಿಗೂ ಸ್ನ್ಯಾಪಿಗೂ ನಡುವೆ ಅಂತರ ಕಡಿಮೆಯಾದಷ್ಟೂ ಕವಾಟ ಜಾಸ್ತಿ ಬಿಗಿ. ಜೊತೆಗೆ ಇಸಿಜಿ, ಮತ್ತೆ ಅನ್ನನಾಳ ಬೆಳ್ಳಗೆ ಕಾಣಲೆಂದು ಬೇರಿಯಂ ದ್ರವ ಕುಡಿಸಿ ತೆಗೆದ ಎಕ್ಸ್‌ರೇ. ಹಿಗ್ಗಿದ ಹೃದಯ ಅನ್ನನಾಳವನ್ನು ಹಿಂದಕ್ಕೆ ತಳ್ಳಿರುವುದು ಅದರಲ್ಲಿ ಕಾಣುತ್ತಿತ್ತು. ನಮ್ಮ ಕೈಯಲ್ಲಿದ್ದದ್ದು ಅಷ್ಟೇ.

ರೌಂಡ್ಸ್ ಮುಗಿದ ಮೇಲೆ ಅವರು ಹೇಳುತ್ತಿದ್ದ ಚರಿತ್ರೆಯನ್ನು ಇಲ್ಲಿ ಬರೆದಿಡಬೇಕು ಎನಿಸಿದೆ. ಯಾಕೆಂದರೆ ಅದು ಯಾವ ಪಠ್ಯಪುಸ್ತಕದಲ್ಲೂ ನಮಗೆ ಹಾಗೆ ಸಿಗಲಿಲ್ಲ.

1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಒಬ್ಬ ಹುಡುಗಿಯ ಬಡಿಯುವ ಹೃದಯದೊಳಕ್ಕೆ ಬೆರಳು ಹಾಕಿ ಕವಾಟವನ್ನು ಸಡಿಲಿಸಿದರು. ಹುಡುಗಿ ಚೇತರಿಸಿಕೊಂಡಳು, ಕೆಲವು ವರ್ಷ ಬದುಕಿದಳು. ಆದರೆ ಸೌಟರ್ ಬಳಿಗೆ ಇನ್ನೊಬ್ಬ ರೋಗಿಯನ್ನು ಯಾವ ಫಿಸಿಶಿಯನ್ನೂ, ಅಂದರೆ ಚಾಕು ಹಿಡಿಯದೆ ಔಷಧಿ ಕೊಡುವ ವೈದ್ಯರು ಯಾರೂ, ಕಳಿಸಲಿಲ್ಲ. ಕೆಟ್ಟಿರುವುದು ಹೃದಯದ ಸ್ನಾಯು, ಕವಾಟ ಬಿಡಿಸಿ ಏನು ಬಂತು ಎನ್ನುವುದು ಆಗಿನ ದೊಡ್ಡವರ ನಂಬಿಕೆ. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೋದವು. ಇಲ್ಲಿಗೆ ಬಂದಾಗ ಮೇಷ್ಟ್ರ ದನಿ ಬದಲಾಗುತ್ತಿತ್ತು. "ಕೈ ಇತ್ತು, ಚಾಕು ಇತ್ತು. ಅಡ್ಡ ಬಂದದ್ದು ನಮ್ಮಂಥ ಫಿಸಿಶಿಯನ್‌ಗಳು" ಎನ್ನುತ್ತಿದ್ದರು. ಅವರೂ ಫಿಸಿಶಿಯನ್ನೇ ಅಲ್ವಾ, ಆ ಮಾತು ನಮಗೆ ನಾಟುತ್ತಿತ್ತು.

ಎರಡನೇ ಮಹಾಯುದ್ಧ ಆ ಭಯವನ್ನು ಮುರಿಯಿತು. ಡ್ವೈಟ್ ಹಾರ್ಕೆನ್ ಎಂಬ ಅಮೆರಿಕದ ಸರ್ಜನ್ ಇಂಗ್ಲೆಂಡಿನ ಸೇನಾ ಆಸ್ಪತ್ರೆಯಲ್ಲಿ ಸೈನಿಕರ ಹೃದಯ ಮತ್ತು ಅದರ ಸುತ್ತಲಿಂದ 134 ಗುಂಡು, ಚೂರುಗಳನ್ನು ತೆಗೆದರು. ಒಬ್ಬರೂ ಸಾಯಲಿಲ್ಲ. ಫಿಲಡೆಲ್ಫಿಯಾದ ಚಾರ್ಲ್ಸ್ ಬೈಲಿ ಮೈಟ್ರಲ್ ಕವಾಟಕ್ಕೇ ಕೈ ಹಾಕಿದರು. ಮೊದಲ ನಾಲ್ವರೂ ತೀರಿಕೊಂಡರು. ನಾಲ್ಕನೆಯ ರೋಗಿ ಹೋದದ್ದು 1948ರ ಜೂನ್ 10ರ ಬೆಳಗ್ಗೆ. ಅದೇ ಮಧ್ಯಾಹ್ನ ಬೈಲಿ ಇನ್ನೊಂದು ಆಸ್ಪತ್ರೆಗೆ ಹೋಗಿ ಐದನೆಯ ಆಪರೇಷನ್ ಮಾಡಿದರು. 24 ವರ್ಷದ ಆ ಹೆಣ್ಣುಮಗಳು ಬದುಕಿದಳು. ವಾರದೊಳಗೆ ಬಾಸ್ಟನ್ನಿನಲ್ಲಿ ಹಾರ್ಕೆನ್, ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ರಸೆಲ್ ಬ್ರಾಕ್ ಕೂಡ ಇದೇ ಕವಾಟದ ಆಪರೇಷನ್ ಮಾಡಿದರು. ಬಾಗಿಲು ತೆರೆಯಿತು. ಬೈಲಿಯ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಆ ನಾಲ್ವರ ನೆನಪೇ ಹೆಚ್ಚು. ಅವರ ಮನೆಯವರು ಯಾವ ಭರವಸೆಯ ಮೇಲೆ ಒಪ್ಪಿದ್ದರೋ.

ಅದೇ ಹೊತ್ತಿಗೆ ಪತ್ತೆಯ ದಾರಿಯೂ ಬೆಳೆಯಿತು. 1929ರಲ್ಲಿ ಜರ್ಮನಿಯ ವರ್ನರ್ ಫಾರ್ಸ್‌ಮನ್ ತನ್ನ ತೋಳಿನ ರಕ್ತನಾಳದಿಂದ ತನ್ನದೇ ಹೃದಯಕ್ಕೆ ನಳಿಕೆ ತೂರಿಸಿ, ನಡೆದುಕೊಂಡು ಎಕ್ಸ್‌ರೇ ಕೋಣೆಗೆ ಹೋಗಿದ್ದರು. ನ್ಯೂಯಾರ್ಕಿನ ಕೂರ್ನಾಂಡ್ ಮತ್ತು ರಿಚರ್ಡ್ಸ್ 1940ರ ದಶಕದಲ್ಲಿ ಅದನ್ನು ರೋಗಿಗಳ ಹೃದಯದೊಳಗಿನ ಒತ್ತಡ ಅಳೆಯುವ ವಿಧಾನವಾಗಿ ಬೆಳೆಸಿದರು. ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಕಿವಿ ಊಹಿಸಿದ್ದನ್ನು ಅಂಕಿಯಲ್ಲಿ ತೋರಿಸಬಹುದಾಯಿತು. ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್‌ಗೆ ಇನ್ನೊಂದು ಚಿಂತೆ. ಕವಾಟ ಬಿಗಿಯೋ, ಸೋರುತ್ತದೋ? ಆಪರೇಷನ್‌ಗೆ ಮೊದಲೇ, ನಳಿಕೆ ಇಲ್ಲದೆ ತಿಳಿಯಬೇಕಿತ್ತು. ಹೆಲ್ಮುತ್ ಹೆರ್ಟ್ಜ್ ಎಂಬ ಭೌತವಿಜ್ಞಾನಿ ಮಾಲ್ಮೋದ ಹಡಗುಕಟ್ಟೆಯಿಂದ ಲೋಹದ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರವನ್ನು ಎರವಲು ತಂದರು. ಇಬ್ಬರೂ ಸೇರಿ 1953ರಲ್ಲಿ ಹೃದಯದ ಚಲನೆಯನ್ನು ದಾಖಲಿಸಿದರು. ಹೃದಯವನ್ನು ಅಲ್ಟ್ರಾಸೌಂಡಿನಲ್ಲಿ ನೋಡುವ ಇವತ್ತಿನ ಎಕೋ ಪರೀಕ್ಷೆ ಹುಟ್ಟಿದ್ದು ಹೀಗೆ, ಇದೇ ಮೈಟ್ರಲ್ ಕವಾಟದ ಕಾರಣದಿಂದ.

ನಮಗೆ ಆಪರೇಷನ್ ಅಂದರೆ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆ. ಅಲ್ಲಿ ರೀವ್ ಬೆಟ್ಸ್ ಎಂಬ ಅಮೆರಿಕದ ಸರ್ಜನ್ 1940ರ ದಶಕದ ಕೊನೆಗೇ ಎದೆಯ ಶಸ್ತ್ರಚಿಕಿತ್ಸೆಯ ವಿಭಾಗ ಶುರು ಮಾಡಿದ್ದರು. ಪಿರಿಯಾಪಟ್ಟಣದ ಕಡೆಯ ಒಬ್ಬ ಹೆಣ್ಣುಮಗಳನ್ನು ಕಳಿಸುವ ಮಾತು ಬಂದಾಗ ಅವಳ ಅತ್ತೆ, "ಎದೆ ಕುಯ್ದ್ರೆ ಉಳೀತಾಳಾ ಸಾಮಿ?" ಎಂದರು. ಮೇಷ್ಟ್ರು ಸ್ಟೂಲ್ ಎಳೆದುಕೊಂಡು ಕೂತು, ಕೇಸ್ ಶೀಟಿನ ಹಿಂದೆ ಕವಾಟದ ಚಿತ್ರ ಬರೆದರು. ಹೃದಯದ ಮೇಲಿನ ಕೋಣೆಯ ಕಿವಿಯಂಥ ಭಾಗಕ್ಕೆ ಸುತ್ತ ಹೊಲಿಗೆ ಹಾಕುತ್ತಾರೆ, ಅಲ್ಲಿಂದ ತೋರುಬೆರಳು ಒಳಗೆ ಹೋಗುತ್ತದೆ, ಅಂಟಿದ ಎಸಳು ಬಿಡಿಸುತ್ತದೆ, ಹೃದಯ ನಿಲ್ಲುವುದೇ ಇಲ್ಲ ಎಂದು ಆ ಅಜ್ಜಿಗೆ ಅರ್ಥವಾಗುವ ತನಕ ಹೇಳಿದರು. ಬೆರಳಿಗೆ ಬಗ್ಗದ ಕವಾಟಕ್ಕೆ ಕೆಳಗಿನಿಂದ ತೂರಿಸಿ ಅಗಲಿಸುವ ಸಲಕರಣೆ, ಟಬ್ಸ್ ಡೈಲೇಟರ್. ಆಪರೇಷನ್ ಆಗಿ ತಿಂಗಳುಗಳಾದ ಮೇಲೆ ಆ ಹೆಣ್ಣುಮಗಳು ತೋರಿಸಿಕೊಳ್ಳಲು ಬಂದಾಗ ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡುತ್ತೇನೆ ಎಂದಳು. ನಾವೆಲ್ಲ ಸಾಲಾಗಿ ನಿಂತು ಕೇಳಿದೆವು. ಮರ್ಮರ್ ಗಿಡ್ಡವಾಗಿತ್ತು.

1953ರಲ್ಲಿ ಜಾನ್ ಗಿಬ್ಬನ್, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ತಾನೇ ಮಾಡುವ ಹಾರ್ಟ್-ಲಂಗ್ ಯಂತ್ರ ಬಳಸಿ ಆಪರೇಷನ್ ಮಾಡಿದ್ದು ದೊಡ್ಡ ಸಾಧನೆಯೇ. ಆದರೆ ಯಂತ್ರ ಬೇಡದ, ಕಡಿಮೆ ಖರ್ಚಿನ ಈ ಬೆರಳಿನ ಆಪರೇಷನ್ನೇ ನಮ್ಮ ಬಡವರನ್ನು ದಶಕಗಳ ಕಾಲ ಕಾಪಾಡಿತು. ಆಮೇಲೆ ಜಪಾನಿನ ಕಾಂಜಿ ಇನೌಯೆ ಕವಾಟದೊಳಗೆ ಉಬ್ಬಿಸಿ ಎಸಳು ಬಿಡಿಸುವ ಬಲೂನು ತಂದರು. ಈಗ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಎದೆ ಕುಯ್ಯದೆ, ತೊಡೆಯ ರಕ್ತನಾಳದಿಂದಲೇ ಕವಾಟ ಬಿಡಿಸುತ್ತಾರೆ.

ಮೇಷ್ಟ್ರಿಗೆ ಆಪರೇಷನ್ನಿಗಿಂತ ಪೆನಿಸಿಲಿನ್ ಮೇಲೆ ಹಟ ಜಾಸ್ತಿ. ರುಮ್ಯಾಟಿಕ್ ಜ್ವರ ಮರುಕಳಿಸಿದರೆ ಕವಾಟ ಮತ್ತೆ ಅಂಟುತ್ತದೆ. ಅದಕ್ಕೇ ಮೂರು ವಾರಕ್ಕೊಮ್ಮೆ ಆ ನೋವಿನ ಇಂಜೆಕ್ಷನ್, ವರ್ಷಗಟ್ಟಲೆ. ಯಾರು ಬಂದರು, ಯಾರು ಬರಲಿಲ್ಲ ಎಂದು ಅವರು ಒಂದು ನೋಟ್‌ಬುಕ್ ಇಟ್ಟಿದ್ದರು. ಬರದವರಿಗೆ ನಾವು ಹೌಸ್ ಸರ್ಜನ್‌ಗಳು ಪೋಸ್ಟ್‌ಕಾರ್ಡ್ ಬರೆಯಬೇಕಿತ್ತು, ಅವರ ಊರಿನ ಶಾಲೆಯ ಮೇಷ್ಟ್ರ ವಿಳಾಸಕ್ಕೆ, ಓದಿ ಹೇಳಲಿ ಎಂದು. ನನ್ನ ಕ್ಲಿನಿಕ್ಕಿನಲ್ಲೂ ಅಂಥದೊಂದು ಪುಸ್ತಕ ಇಟ್ಟುಕೊಂಡೆ. ಕಾರ್ಡಿನ ಬದಲು ಫೋನು ಬಂದದ್ದಷ್ಟೇ ವ್ಯತ್ಯಾಸ.