ಧ್ಯಾನ ಮುಗಿಸಿ ಎದ್ದ ಮೇಲೆ

ಸ್ಪಿರಿಚುಯಲ್ ಲೈಫ್ ಕೋಚ್ ಅಂದರೆ ನನಗೆ ಮೊದಲಿನಿಂದಲೂ ಗುಮಾನಿ. ಗುರುಗಳಲ್ಲ, ವೈದ್ಯರಲ್ಲ, ಗಂಟೆ ಲೆಕ್ಕದಲ್ಲಿ ದುಡ್ಡು ತಗೊಂಡು ಆತ್ಮದ ಮಾತಾಡುತ್ತಾರೆ ಅಂದರೆ ಯಾರಿಗೆ ತಾನೇ ನಂಬಿಕೆ ಬರುತ್ತೆ? ಗೆಳತಿಯ ಒತ್ತಾಯಕ್ಕೆ ಕಟ್ಟುಬಿದ್ದು ಒಪ್ಪಿಕೊಂಡೆ. ವರ್ಷಗಟ್ಟಲೆ ಧ್ಯಾನ ಮಾಡುತ್ತ ಬಂದವಳು ನಾನು. ಕೂತರೆ ಮನಸ್ಸು ನಿಲ್ಲುತ್ತಿತ್ತು, ಎದ್ದರೆ ಅದೇ ಸಿಡುಕು. ಅಪ್ಪನನ್ನು ನೋಡಿಕೊಳ್ಳುವ ಹೊಣೆ ಇಡಿಯಾಗಿ ನನ್ನ ಹೆಗಲಿಗೆ ಬಂದಿತ್ತು. ತಮ್ಮ ಆಗೊಮ್ಮೆ ಈಗೊಮ್ಮೆ ಫೋನ್ ಮಾಡಿ "ಅಪ್ಪ ಹೇಗಿದ್ದಾರೆ?" ಅನ್ನುತ್ತಿದ್ದ. "ಚೆನ್ನಾಗಿದ್ದಾರೆ" ಅಂದು ಇಟ್ಟುಬಿಡುತ್ತಿದ್ದೆ. ಜಗಳವಿಲ್ಲ, ದೂರಿಲ್ಲ. ಹೊರಗಿನಿಂದ ನೋಡಿದವರು ಎಂಥ ಸಮಾಧಾನದ ಹೆಂಗಸು ಅನ್ನಬೇಕು, ಹಾಗಿತ್ತು.

ನನಗೆ ಸಿಕ್ಕ ಕೋಚ್ ನನಗಿಂತ ಹಿರಿಯರು, ಮಾತು ಕಡಿಮೆ. ಯಾವ ಧ್ಯಾನ, ಎಷ್ಟು ಹೊತ್ತು, ಏನು ಅನುಭವ, ಇದೊಂದನ್ನೂ ಅವರು ಕೇಳಲಿಲ್ಲ.

"ಧ್ಯಾನ ಮುಗಿಸಿ ಎದ್ದ ಮೇಲೆ ಮೊದಲು ಯಾರ ಹತ್ತಿರ ಮಾತಾಡ್ತೀರಿ?"

"ಅಪ್ಪನ ಹತ್ತಿರ."

"ಏನಂತ?"

"ಮಾತ್ರೆ ತಗೊಂಡ್ರಾ ಅಂತ."

"ಅದೇ ದನಿಯಲ್ಲಿ ಒಂದು ಸಲ ಹೇಳಿ ನೋಡೋಣ."

ಹೇಳಿದೆ. ಹೇಳಿದ ಮೇಲೆ ನನ್ನ ಕಿವಿಗೇ ಬಿತ್ತು. ಕೆಲಸಗಳ್ಳನನ್ನು ಗದರಿಸುವ ದನಿ ಅದು. ಅವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆ ಮೌನ ನನಗೆ ಸಹಿಸಲಾಗದಷ್ಟು ಉದ್ದವಾಯಿತು. ಆಮೇಲೆ ಮೆಲ್ಲಗೆ ಕೇಳಿದರು: "ಈ ಸಿಟ್ಟು ಅಪ್ಪನ ಮೇಲಿನದಾ?"

ಅಲ್ಲ. ತಮ್ಮನಿಗೆ ಸಲ್ಲಬೇಕಾದದ್ದನ್ನು ಅಪ್ಪನಿಗೆ ದಿನಾ ಬೆಳಿಗ್ಗೆ ಮಾತ್ರೆಯ ಜೊತೆ ಕೊಡುತ್ತಿದ್ದೆ.

ಮನಸ್ಸಿನಲ್ಲಿ ಬಗೆಹರಿಯದೆ ಉಳಿದ ಸಂಗತಿಗಳನ್ನು ಮುಟ್ಟದೆ, ಅಧ್ಯಾತ್ಮದ ಮಾತು ಮತ್ತು ಸಾಧನೆಗಳ ಪಕ್ಕದಾರಿ ಹಿಡಿದು ದಾಟಿಹೋಗುವ ಅಭ್ಯಾಸಕ್ಕೆ ಜಾನ್ ವೆಲ್‌ವುಡ್ ಎಂಬ ಅಮೆರಿಕದ ಮನೋಚಿಕಿತ್ಸಕರು 1984ರಲ್ಲೇ 'ಸ್ಪಿರಿಚುಯಲ್ ಬೈಪಾಸಿಂಗ್' ಅಂತ ಹೆಸರಿಟ್ಟರು. ಅವರು ಸ್ವತಃ ಬೌದ್ಧ ಸಾಧಕರು. ಹಾಗಾಗಿ ಅದು ಧ್ಯಾನವನ್ನು ಹೊರಗೆ ನಿಂತು ಬೈದ ಮಾತಲ್ಲ, ಒಳಗಿದ್ದು ಕಂಡದ್ದು. 'ಎಲ್ಲ ಕರ್ಮ', 'ಎಲ್ಲವನ್ನೂ ಬಿಟ್ಟುಬಿಡಬೇಕು', 'ನನಗೆ ಯಾರ ಮೇಲೂ ಸಿಟ್ಟಿಲ್ಲ' ಅನ್ನುವ ಮಾತುಗಳನ್ನು ಈಗ ಯಾರಾದರೂ ಹೇಳಿದರೆ ನಾನು ಸ್ವಲ್ಪ ಕಿವಿ ನಿಮಿರಿಸುತ್ತೇನೆ. ನಿಜ ಇರಬಹುದು. ಇಲ್ಲದೆಯೂ ಇರಬಹುದು.

ಕೋಚಿಂಗ್ ಮಾಡುವ ಕೆಲಸ ನೋಡಲು ತೀರಾ ಸಾದಾ. ಪ್ರಶ್ನೆ ಕೇಳುತ್ತಾರೆ, ಸುಮ್ಮನಿರುತ್ತಾರೆ, ಕೊನೆಯಲ್ಲಿ ಮುಂದಿನ ಭೇಟಿಯೊಳಗೆ ಮಾಡಬೇಕಾದ ಒಂದು ಚಿಕ್ಕ ಕೆಲಸವನ್ನು ನಮ್ಮ ಬಾಯಿಂದಲೇ ಹೇಳಿಸುತ್ತಾರೆ. ಮುಂದಿನ ಸಲ ಅದನ್ನು ಮರೆಯದೆ ಕೇಳುತ್ತಾರೆ. ಈ ಕೊನೆಯದರಲ್ಲೇ ಹೆಚ್ಚಿನ ಸತ್ವ ಇದೆ ಅನ್ನುವುದು ನನ್ನ ಅಭಿಪ್ರಾಯ. ಒಳ್ಳೆಯ ಪ್ರವಚನ ಕೇಳಿ ಹೊರಬಂದವರನ್ನು ಯಾರೂ ಮರುವಾರ ಹುಡುಕಿಕೊಂಡು ಬಂದು 'ಏನಾಯಿತು?' ಅನ್ನುವುದಿಲ್ಲವಲ್ಲ.

ತಮ್ಮನ ಮುಂದಿನ ಫೋನಿಗೆ 'ಚೆನ್ನಾಗಿದ್ದಾರೆ' ಅನ್ನುವ ಬದಲು ಒಂದಾದರೂ ನಿಜ ಹೇಳುತ್ತೇನೆ ಅಂತ ನಾನೇ ಒಪ್ಪಿಕೊಂಡಿದ್ದೆ. ಫೋನ್ ಬಂತು. "ನನಗೆ ಸುಸ್ತಾಗಿದೆ ಕಣೋ" ಅಂದೆ. ಆ ಕಡೆ ಸದ್ದಿಲ್ಲ. ಆಮೇಲೆ, "ಮೊದಲೇ ಹೇಳಬಾರದಿತ್ತಾ ಅಕ್ಕಾ?" ಅಂದ. ಮನಸ್ಸು ಹಗುರಾಯಿತು ಅಂತ ಬರೆದರೆ ಸುಳ್ಳಾಗುತ್ತೆ. ಕೇಳದೆ ಇದ್ದವನು ಅವನು, ಹೇಳಲಿಲ್ಲ ಅಂತ ತಪ್ಪು ನನ್ನದಾ? ಮೈ ಉರಿದುಹೋಯಿತು. ಅದನ್ನೇ ಹೋಗಿ ಕೋಚ್ ಮುಂದೆ ಸುರಿದೆ. ಅವರಿಗೆ ಖುಷಿಯೇ ಆದ ಹಾಗಿತ್ತು. "ಸಿಟ್ಟು ಮೈಯಲ್ಲಿ ಮೊದಲು ಎಲ್ಲಿ ಬಂತು?" ಅಂದರು. ಗಂಟಲಲ್ಲಿ. ಹೇಳಬೇಕಾದ್ದನ್ನು ನುಂಗಿದಾಗಲೆಲ್ಲ ಬಿಗಿಯಾಗುವ ಅದೇ ಜಾಗದಲ್ಲಿ.

ಅಂದಿನಿಂದ ನನಗೆ ಆ ಬಿಗಿತವೇ ಗುರುತು. ಒಳಗಿನ ಎಚ್ಚರ ಅಂದರೆ ಬೆಳಕು ಕಾಣುವುದು, ಬೆನ್ನುಹುರಿಯಲ್ಲಿ ಮಿಂಚು ಹರಿಯುವುದು ಅಂತೆಲ್ಲ ಹೇಳುವವರಿದ್ದಾರೆ. ಅವರ ಅನುಭವ ಅವರಿಗೆ. ನನಗೆ ದಕ್ಕಿದ್ದು ಮಾತು ನಾಲಿಗೆಗೆ ಬರುವ ಮುಂಚೆ ಸಿಗುವ ಅರೆಗಳಿಗೆ. ಗಂಟಲು ಬಿಗಿಯಾದದ್ದು ಗೊತ್ತಾಗುತ್ತೆ, ಈಗ ಏನು ಹೇಳಲಿ ಅಂತ ಆರಿಸಿಕೊಳ್ಳಬಹುದು. ಮನಸ್ಸಿನಲ್ಲಿ ನಡೆಯುವುದನ್ನು ಸುಮ್ಮನೆ ನೋಡುತ್ತ ಇರುವ ಸಾಕ್ಷಿಭಾವ ಕಣ್ಣು ಮುಚ್ಚಿ ಕೂತಾಗ ಮೊದಲೇ ಬರುತ್ತಿತ್ತು. ಅದನ್ನು ಎದ್ದು ಓಡಾಡುವ ಹೊತ್ತಿಗೂ ತರುವುದಕ್ಕೆ ನನಗೆ ಇನ್ನೊಬ್ಬರ ನೆರವು ಬೇಕಾಯಿತು. ತಮ್ಮ ಈಗ ಬಂದು ಕೆಲವು ದಿನ ಅಪ್ಪನ ಜೊತೆ ಇರುತ್ತಾನೆ. ಮಾತ್ರೆಗಳನ್ನು ಅದಲುಬದಲು ಮಾಡುತ್ತಾನೆ. ಅದಕ್ಕೂ ಜಗಳವಾಡುತ್ತೇವೆ, ಬಾಯಿಬಿಟ್ಟು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಹೆಚ್ಚಿನ ದೇಶಗಳಲ್ಲಿ ಲೈಫ್ ಕೋಚ್ ಅಂತ ಹೇಳಿಕೊಳ್ಳಲು ಯಾವ ಲೈಸೆನ್ಸೂ ಬೇಕಿಲ್ಲ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ತರಬೇತಿಯ ಜೊತೆಗೆ 100, 500, 2500 ಗಂಟೆಗಳ ಕೋಚಿಂಗ್ ಅನುಭವ ನೋಡಿ ಮೂರು ಹಂತದ ಮಾನ್ಯತೆ ಕೊಡುತ್ತದೆ. ಅದು ಕೋಚಿಂಗ್ ಕೌಶಲಕ್ಕೆ ಸಿಕ್ಕ ಪತ್ರ; ಅಧ್ಯಾತ್ಮದ ಆಳಕ್ಕೆ ಸರ್ಟಿಫಿಕೇಟ್ ಕೊಡುವವರು ಯಾರಿದ್ದಾರೆ? ಇಷ್ಟು ದಿನಗಳಲ್ಲಿ ಜಾಗೃತಿ ಗ್ಯಾರಂಟಿ ಅನ್ನುವವರು, ವೈದ್ಯರು ಕೊಟ್ಟ ಔಷಧಿ ನಿಲ್ಲಿಸಿ ಅನ್ನುವವರು, ನಿಮ್ಮ ಅನುಮಾನವೇ ನಿಮ್ಮ ಅಹಂಕಾರ ಅನ್ನುವವರು, ಇಂಥವರಿಂದ ದೂರ ಇರಿ.

ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಧ್ಯಾನದಲ್ಲಿ ಕೆಲವರಿಗೆ ತೀವ್ರ ಭಯ, ನಿದ್ದೆಗೇಡು, ತಾನೇ ತನಗೆ ಅಪರಿಚಿತವಾದಂಥ ಭಾವ ಬರುವುದುಂಟು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಸಾಧಕರನ್ನೂ ಧ್ಯಾನ ಕಲಿಸುವವರನ್ನೂ ಮಾತಾಡಿಸಿ 2017ರಲ್ಲಿ ಇದನ್ನೆಲ್ಲ ವಿವರವಾಗಿ ಪ್ರಕಟಿಸಿದ್ದಾರೆ. ಹಾಗಾಗಿ ಕೋಚ್ ಹುಡುಕುತ್ತಿರುವ ಗೆಳೆಯರಿಗೆಲ್ಲ ನಾನು ಹೇಳುವುದು, ಮೊದಲ ಭೇಟಿಯಲ್ಲೇ ಇದೊಂದು ಕೇಳಿಬಿಡಿ: "ನನಗೆ ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನೀವು ಏನು ಮಾಡ್ತೀರಿ?" ಉತ್ತರದಲ್ಲಿ ವೈದ್ಯರ, ಆಪ್ತಸಮಾಲೋಚಕರ ಮಾತೇ ಬರದಿದ್ದರೆ ನಮಸ್ಕಾರ ಹೇಳಿ ಎದ್ದು ಬಂದುಬಿಡಿ.