ಬಿಟ್ಟದ್ದಲ್ಲ, ಬಿಡಿಸಿದ್ದು

"ಕೆಲಸ ಬಿಟ್ಟೆಯಂತಲ್ಲ, ಯಾಕೆ?"

2024ರ ಮಾರಿಕಾಂಬಾ ಜಾತ್ರೆಗೆ ಶಿರಸಿಗೆ ಬಂದ ನೆಂಟರಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ಇವತ್ತಿಗೂ ಪೇಟೆಯಲ್ಲಿ ಯಾರಾದರೂ ಸಿಕ್ಕರೆ ಮೊದಲು ಬರುವುದು ಅದೇ. ಚಾ ಕುಡಿದು ಏಳುವಾಗ ಇನ್ನೊಂದು ಮಾತು ಸೇರಿಸುತ್ತಾರೆ: "ಗಂಡನ ಸಲುವಾಗಿ ಬಿಟ್ಲು, ಪಾಪ." ಒಳಕೋಣೆಯಲ್ಲಿ ಮಲಗಿರುವ ಇವರಿಗೆ ಅದೆಲ್ಲ ಕೇಳುತ್ತದೆ.

ನಾನು ಕೆಲಸ ಬಿಡಲಿಲ್ಲ. ಬಿಡಿಸಿದರು.

ಅಡಿಕೆ ವ್ಯಾಪಾರದ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಲೆಕ್ಕ ಬರೆದವಳು ನಾನು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎನ್ನುವ ಅಡಿಕೆಯ ಬಗೆಗಳು, ಯಾರ ಚೀಲ ಯಾವ ದರಕ್ಕೆ ಹೋಯಿತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎನ್ನುವುದೆಲ್ಲ ಬಾಯಲ್ಲೇ ಇರುತ್ತಿತ್ತು. ಆ ಕೆಲಸ ನನಗೆ ಪ್ರೀತಿಯದು.

ಇವರ ಎರಡೂ ಮೂತ್ರಪಿಂಡ ಸೋತವು. ಡಯಾಲಿಸಿಸ್ ಮೊದಲು ವಾರಕ್ಕೆ ಎರಡು ಸಲ ಇತ್ತು, ಆಮೇಲೆ ಮೂರು ಸಲ ಆಯಿತು. ಒಂದು ಸಲಕ್ಕೆ ನಾಲ್ಕು ತಾಸು. ವಾರಕ್ಕೆ ಮೂರು ಎಂದರೆ ವರ್ಷಕ್ಕೆ 156 ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವುದರಿಂದ ಡಯಾಲಿಸಿಸ್‌ಗೆ ದುಡ್ಡಿಲ್ಲ, ಅದು ದೊಡ್ಡ ಉಪಕಾರ. ಆದರೆ ಡಯಾಲಿಸಿಸ್ ಸೂಜಿ ಚುಚ್ಚಲು ಕೈಯ ರಕ್ತನಾಳ ಜೋಡಿಸುವ ಫಿಸ್ಟುಲಾ ಮಾಡಿಸಲು ಹುಬ್ಬಳ್ಳಿಗೇ ಹೋಗಬೇಕಾಯಿತು. ತೋರಿಸಲಿಕ್ಕೆ ಒಂದು ದಿನ, ಆಪರೇಷನ್‌ಗೆ ಒಂದು ದಿನ, ಹೊಲಿಗೆ ಬಿಚ್ಚಲಿಕ್ಕೆ ಇನ್ನೊಂದು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿ ಕೂಗೆದ್ದಿತು, 2022ರಲ್ಲಿ ಶಿರೂರು ಟೋಲ್‌ಗೇಟಿನಲ್ಲಿ ಹೊನ್ನಾವರದ ರೋಗಿಯಿದ್ದ ಆಂಬುಲೆನ್ಸ್ ಮಗುಚಿದ ಮೇಲೆ ಮತ್ತೆ ಎದ್ದಿತು. ಹಾಗೆ ಕೂಗಿದವರಿಗೆ ಜೀವದ ಚಿಂತೆ ಇತ್ತು. ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ: ಆಸ್ಪತ್ರೆ ದೂರವಿದ್ದರೆ ರೋಗಿಯ ಜೊತೆಗೆ ಹೋಗುವವರ ನೌಕರಿಯೂ ಹೋಗುತ್ತದೆ. ನನ್ನ ವರ್ಷದ ರಜೆ ಮೂರೇ ತಿಂಗಳಲ್ಲಿ ಮುಗಿದಿತ್ತು.

"ಒಬ್ಬ ಆಳು ಇಟ್ಟುಕೊಳ್ಳಬಹುದಿತ್ತಲ್ಲ" ಎನ್ನುವವರಿಗೆ ನಮ್ಮ ಮನೆಯ ಬೆಳಗನ್ನು ಹೇಳುತ್ತೇನೆ. ಎದ್ದ ಕೂಡಲೇ ಇವರ ಎಡಗೈ ಮಣಿಕಟ್ಟಿನ ಮೇಲೆ ಬೆರಳಿಡುತ್ತೇನೆ. ಅಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದಾರೆ. ಚರ್ಮದ ಕೆಳಗೆ ಜೇನುಹುಳ ಸಿಕ್ಕಿಹಾಕಿಕೊಂಡ ಹಾಗೆ ಗುಂಯ್ ಎಂದು ನಡುಗುತ್ತಿರುತ್ತದೆ. ನಡುಕ ಇದ್ದರೆ ರಕ್ತ ಹರಿಯುತ್ತಿದೆ. ನಿಂತಿದ್ದರೆ ಆಗಲೇ ಆಸ್ಪತ್ರೆಗೆ ಓಡಬೇಕು. ಆಮೇಲೆ ಒಂದು ಲೀಟರಿನ ಬಾಟಲಿಯಲ್ಲಿ ನೀರು ತುಂಬಿಡುತ್ತೇನೆ. ಇಡೀ ದಿನಕ್ಕೆ ಅಷ್ಟೇ. ಚಾ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ತೆಗೆಯುವುದು, ಊಟಕ್ಕೆ ಅಪ್ಪೆಹುಳಿ ಬೇಕೆಂದರೆ ಅಷ್ಟನ್ನೂ. ತರಕಾರಿ ಬೇಯಿಸಿ, ನೀರು ಬಸಿದು ಚೆಲ್ಲಿ, ಆಮೇಲೆ ಒಗ್ಗರಣೆ. ನೋಡಲು ಬಂದವರು ಪ್ರೀತಿಯಿಂದ ಎಳನೀರು ತರುತ್ತಾರೆ. ಅದರಲ್ಲಿರುವ ಪೊಟ್ಯಾಸಿಯಂ ಇವರ ಎದೆಬಡಿತವನ್ನೇ ತಪ್ಪಿಸಬಹುದು. ಇದನ್ನೆಲ್ಲ ಯಾರಿಗಾದರೂ ಕಲಿಸಬಹುದು ನಿಜ, ಆದರೆ ಅವರಿಗೆ ಕೊಡುವ ಸಂಬಳಕ್ಕೆ ನನ್ನ ಸಂಬಳದ ಮುಕ್ಕಾಲು ಭಾಗ ಬೇಕಿತ್ತು.

ಆದರೂ ನಾನು ಬಿಡಲಿಲ್ಲ. ಡಯಾಲಿಸಿಸ್ ಇದ್ದ ದಿನ ಹನ್ನೆರಡಕ್ಕೆ ಅಂಗಡಿಗೆ ಹೋಗಿ ರಾತ್ರಿ ಎಂಟರವರೆಗೆ ಕೂತು ಬರೆದೆ. ಸುಗ್ಗಿ ಬಂತು, ಬೆಳಿಗ್ಗೆ ಒಂಬತ್ತಕ್ಕೇ ಚೀಲ ಇಳಿಯತೊಡಗಿದವು. ಒಂದು ಸಂಜೆ ಮಾಲಕರು ಕರೆದು ಬಿಳಿ ಹಾಳೆ ಮುಂದಿಟ್ಟರು. "ತಂಗಿ, ನೀನೇ ಬರೆದುಕೊಟ್ಟರೆ ಮರ್ಯಾದೆ. ಮನೆ ಕಾರಣ ಅಂತ ಎರಡು ಸಾಲು ಹಾಕು." ಸ್ವರ ಎತ್ತಲಿಲ್ಲ. ಇವರ ಆರೋಗ್ಯವನ್ನೂ ವಿಚಾರಿಸಿದರು.

"ನಾಳೆ ಹೇಳ್ತೆ" ಎಂದು ಎದ್ದು ಬಂದೆ. ಆ ರಾತ್ರಿ ಸಹಿ ಹಾಕದೇ ಇದ್ದದ್ದು ನಾನು ಮಾಡಿದ ಅತಿ ಒಳ್ಳೆಯ ಕೆಲಸ. ಮರುದಿನ ಪರಿಚಯದ ವಕೀಲರು ವಿಷಯ ಬಿಡಿಸಿ ಹೇಳಿದರು. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ, ಆರು ತಿಂಗಳು ದುಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ ಬೇಕು. ನಾವೇ ರಾಜೀನಾಮೆ ಬರೆದುಕೊಟ್ಟರೆ ಆ ಹಕ್ಕನ್ನು ನಮ್ಮ ಕೈಯಾರೆ ಕಳೆದುಕೊಂಡ ಹಾಗೆ. ಹತ್ತು ಜನರಿಗಿಂತ ಕಡಿಮೆ ಇಲ್ಲದ ಅಂಗಡಿಯಲ್ಲಿ ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಮುಗಿಯುವಾಗ ಕೊಡುವ ಹಣ, ಹೇಗಿದ್ದರೂ ಸಿಗಬೇಕು, ರಾಜೀನಾಮೆ ಕೊಟ್ಟವರಿಗೂ. ಲೆಕ್ಕ ಸುಲಭ. ನನ್ನ ಕೊನೆಯ ಸಂಬಳ 18,200. ಅದನ್ನು ತಿಂಗಳ ಕೆಲಸದ ದಿನ ಎಂದು ಹಿಡಿಯುವ 26ರಿಂದ ಭಾಗಿಸಿದರೆ ದಿನಕ್ಕೆ 700. ವರ್ಷಕ್ಕೆ 15 ದಿನದಂತೆ 10,500. ಒಂಬತ್ತು ವರ್ಷಕ್ಕೆ 94,500 ರೂಪಾಯಿ. ಕೆಲಸ ಹೋಯಿತು, ಆದರೆ ಈ ಹಣವೂ ಒಂದು ತಿಂಗಳ ಸಂಬಳವೂ ಬಂದವು. ಈಗ ನಾಲ್ಕು ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನು ಮನೆಯಿಂದ, ಒಮ್ಮೊಮ್ಮೆ ಆಸ್ಪತ್ರೆಯ ಬೆಂಚಿನಿಂದ ಮಾಡುತ್ತೇನೆ.

ಹಣದ ವಿಷಯ ಇಷ್ಟು. ನಾನು ಪ್ರತಿಯೊಬ್ಬರನ್ನೂ ತಿದ್ದುವುದಕ್ಕೆ ಬೇರೆ ಕಾರಣ ಇದೆ.

ಜಾತ್ರೆ ಮುಗಿದ ವಾರ ಇವರು "ಈ ಗುರುವಾರ ಆಸ್ಪತ್ರೆ ಬೇಡ" ಎಂದರು. ಸುಸ್ತಿರಬೇಕು ಎಂದುಕೊಂಡೆ. ಶನಿವಾರ ಬೆಳಗಾಗುವಾಗ ಪಾದ ಊದಿ ಚಪ್ಪಲಿ ಹತ್ತಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ಇದ್ದರು. ಆಟೋದಲ್ಲಿ ಹೋಗುವಾಗ ಹೇಳಿದರು: "ನನ್ನಿಂದ ನಿನ್ನ ಕೆಲಸ ಹೋಯ್ತು. ಹೀಗೇ ಎಷ್ಟು ವರ್ಷ?" ಬಂದವರೆಲ್ಲ ಹೇಳಿಹೋದ "ಗಂಡನ ಸಲುವಾಗಿ" ಎನ್ನುವ ಮಾತನ್ನು ಅವರು ಒಂದೊಂದಾಗಿ ಕೂಡಿಟ್ಟುಕೊಂಡಿದ್ದರು.

ಅವತ್ತಿನಿಂದ ಯಾರು ಕೇಳಿದರೂ ಒಳಕೋಣೆಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತೇನೆ: ಬಿಟ್ಟದ್ದಲ್ಲ, ಬಿಡಿಸಿದ್ದು. ಇವರಿಂದಲೂ ಅಲ್ಲ. ಹೆಂಡತಿಯೋ ಗಂಡನೋ ಕಾಯಿಲೆ ಬಿದ್ದರೆ ನೋಡಿಕೊಳ್ಳಲು ಖಾಸಗಿ ನೌಕರರಿಗೆ ರಜೆ ಕೊಡಿ ಎನ್ನುವ ಕಾನೂನು ನಮ್ಮಲ್ಲಿಲ್ಲ, ಅದರಿಂದ. ಬೆಳಗಿನ ಮೂರು ತಾಸನ್ನು ಸಂಜೆಗೆ ಸರಿಸಿಕೊಳ್ಳಲು ಅಂಗಡಿಯವರು ಒಪ್ಪಲಿಲ್ಲ, ಅದರಿಂದ.

ಹೋದ ಸೋಮವಾರ ಡಯಾಲಿಸಿಸ್ ಕೋಣೆಯ ಹೊರಗೆ ಬನವಾಸಿ ಕಡೆಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಳು. ಗಂಡನಿಗೆ ಶುರುವಾಗಿ ಎರಡು ತಿಂಗಳು. "ಬರೆದುಕೊಡು ಅಂತಿದ್ದಾರೆ ಅಕ್ಕ, ನಾಡಿದ್ದು ಕೊಟ್ಟುಬಿಡ್ತೆ" ಎಂದಳು. ಸಹಿ ಹಾಕಬೇಡ ಎಂದು ಹೇಳಿ, ಔಷಧಿ ಚೀಟಿಯ ಹಿಂದೆ 26, 15, ಅವಳು ದುಡಿದ ಏಳು ವರ್ಷ ಎಲ್ಲ ಬರೆದು ಗುಣಿಸಿ ತೋರಿಸಿದೆ. ಮಡಚಿ ಚೀಲದ ಒಳಜೇಬಿಗೆ ಹಾಕಿಕೊಂಡಳು.

ಮನೆಗೆ ಬರುವಾಗ ಇವರಿಗೆ ವಿಷಯ ಹೇಳಿದೆ. ಡಯಾಲಿಸಿಸ್ ಆದ ದಿನ ಇವರು ಹೆಚ್ಚು ಮಾತಾಡುವುದಿಲ್ಲ. ಕಣ್ಣು ಮುಚ್ಚಿಕೊಂಡೇ ಕೇಳಿದರು: "ಗ್ರಾಚ್ಯುಟಿ ಮೂವತ್ತು ದಿನದ ಒಳಗೆ ಕೊಡಬೇಕು ಅಂತ ಹೇಳಿದ್ಯಾ?"

ಅದನ್ನು ಹೇಳಲು ಮರೆತಿದ್ದೆ. ಗುರುವಾರ ಸಿಕ್ಕಾಗ ಹೇಳಬೇಕು.